ಇಶ್‌ಗಾರ್ಡಿನ ಮುಚ್ಚಿದ ಬಾಗಿಲು

“ದುಡ್ಡು ಕೊಟ್ಟಾಯಿತು, ಡೌನ್‌ಲೋಡೂ ಆಯಿತು. ಆದರೂ ಒಳಗೆ ಬಿಡೋದಿಲ್ಲ ಅಂದರೆ ಇದು ಯಾವ ಊರಿನ ನ್ಯಾಯ?”

ಹೀಗೆ ಕೇಳಿದವಳು ಮೂವರಲ್ಲಿ ಕಿರಿಯಳು. ಸಾಫ್ಟ್‌ವೇರ್ ಕೆಲಸ, ಹತ್ತಾರು ಆನ್‌ಲೈನ್ ಆಟಗಳನ್ನು ಆಡಿ ಬಿಟ್ಟ ಅನುಭವ. ಎದುರಿಗೆ ಕೂತ ಹಳಬ ಅವಳಿಗೆ ತದ್ವಿರುದ್ಧ, ಒಂದೇ ಆಟಕ್ಕೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಂಟಿಕೊಂಡವನು. ಮೂರನೆಯವರು ನಿವೃತ್ತ ಮೇಷ್ಟ್ರು. ಕಂಪ್ಯೂಟರ್ ಆಟ ಮುಟ್ಟಿದವರಲ್ಲ. ಯಕ್ಷಗಾನದ ಹುಚ್ಚು ಮಾತ್ರ ವಿಪರೀತ. ಯಾರ ಜಗಳವಾದರೂ ಸರಿ, ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂರುವ ಸ್ವಭಾವ.

ಜಗಳದ ವಸ್ತು ಫೈನಲ್ ಫ್ಯಾಂಟಸಿ 14. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯ ಈ ಆನ್‌ಲೈನ್ ಆಟ 2010ರಲ್ಲಿ ಬಿಡುಗಡೆಯಾಗಿ ನೆಲಕಚ್ಚಿತ್ತು. ನಾವೊಕಿ ಯೊಶಿದಾ ಎಂಬ ನಿರ್ದೇಶಕರ ಕೈಗೆ ಬಂದ ಮೇಲೆ, 2013ರ ಆಗಸ್ಟ್‌ನಲ್ಲಿ ‘ಎ ರೆಲ್ಮ್ ರಿಬಾರ್ನ್’ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಆಮೇಲೆ ಎರಡು, ಎರಡೂವರೆ ವರ್ಷಕ್ಕೊಂದರಂತೆ ಎಕ್ಸ್‌ಪಾನ್ಶನ್‌ಗಳು: 2015ರಲ್ಲಿ ಹೆವನ್ಸ್‌ವರ್ಡ್, 2017ರಲ್ಲಿ ಸ್ಟಾರ್ಮ್‌ಬ್ಲಡ್, 2019ರಲ್ಲಿ ಶ್ಯಾಡೋಬ್ರಿಂಗರ್ಸ್, 2021ರ ಡಿಸೆಂಬರ್‌ನಲ್ಲಿ ಎಂಡ್‌ವಾಕರ್, 2024ರ ಜುಲೈನಲ್ಲಿ ಡಾನ್‌ಟ್ರೈಲ್. ಪ್ರತಿಯೊಂದೂ ಹೊಸ ನಾಡು, ಹೊಸ ಶತ್ರು, ಹೊಸ ಲೆವೆಲ್‌ಗಳನ್ನು ತರುತ್ತದೆ. ಆದರೆ ಹಿಂದಿನದರ ಮುಖ್ಯ ಕಥೆಯನ್ನು ಕೊನೆಯವರೆಗೆ ಆಡದವರಿಗೆ ಮುಂದಿನದರ ನಾಡಿಗೆ ಪ್ರವೇಶವಿಲ್ಲ.

“ಪೂರ್ತಿ ಕಥೆ ಮುಗಿಸೋಕೆ ಎಷ್ಟು ಹೊತ್ತು ಬೇಕು?” ಮೇಷ್ಟ್ರು ಕೇಳಿದರು.

“ನೂರಾರು ಗಂಟೆ. ಕಥೆಯೊಂದನ್ನೇ ಹಿಡಿದು ಹೋದರೂ ಅಷ್ಟು.”

“ಗಂಟೆಗಳಾ?”

“ಗಂಟೆಗಳೇ.”

ಮೇಷ್ಟ್ರು ಹಳಬನ ಮುಖವನ್ನು ಹೊಸದಾಗಿ ನೋಡಿದರು.

ಹಳಬ ಅದಕ್ಕೆಲ್ಲ ಜಗ್ಗುವವನಲ್ಲ. ಆಟದೊಳಗಿನ ಒಂದು ಬಾಗಿಲಿನ ಕಥೆ ಹೇಳತೊಡಗಿದ. ಕೊಯರ್ಥಸ್ ಎಂಬ ಹಿಮದ ಸೀಮೆ. ಅದರ ಪಶ್ಚಿಮಕ್ಕೆ ಆಳವಾದ ಕಂದಕ, ಕಂದಕದ ಮೇಲೊಂದು ಉದ್ದನೆಯ ಕಲ್ಲಿನ ಸೇತುವೆ, ಅದರಾಚೆ ಇಶ್‌ಗಾರ್ಡ್ ಎಂಬ ನಗರ. ಡ್ರ್ಯಾಗನ್‌ಗಳ ಜತೆ ತಲೆತಲಾಂತರದಿಂದ ಯುದ್ಧದಲ್ಲಿರುವ ಆ ನಗರ ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿದೆ. 2013ರಲ್ಲಿ ಆಡಿದವರೆಲ್ಲ ಆ ಬಾಗಿಲವರೆಗೆ ನಡೆದು ಹೋಗಿ, ಕತ್ತೆತ್ತಿ ನೋಡಿ, ವಾಪಸು ಬಂದವರೇ. ಸುಮಾರು ಎರಡು ವರ್ಷ ಅದು ತೆರೆಯಲಿಲ್ಲ. 2015ರಲ್ಲಿ ಹೆವನ್ಸ್‌ವರ್ಡ್ ಬಂದಾಗ ತೆರೆದದ್ದು ಅದೇ ಬಾಗಿಲು.

“ಅದನ್ನು ದಾಟುವಾಗ ನಮ್ಮ ಸ್ಥಿತಿ ಹೇಗಿರುತ್ತೆ ಗೊತ್ತಾ?” ಹಳಬ ಮುಂದಕ್ಕೆ ಬಾಗಿದ. “ಉಲ್ದಾ ನಗರದ ಔತಣದಲ್ಲಿ ರಾಣಿಗೆ ವಿಷ ಹಾಕಿದ ಆರೋಪ ನಮ್ಮ ತಲೆಗೆ ಕಟ್ಟಿರುತ್ತಾರೆ. ಜತೆಗಾರರು ಒಬ್ಬೊಬ್ಬರಾಗಿ ಹಿಂದೆ ಉಳಿದು ನಮ್ಮನ್ನು ಓಡಿಸಿರುತ್ತಾರೆ. ಹಿಮದಲ್ಲಿ ಯಾರ ಮನೆಗೂ ಹೋಗೋ ಹಾಗಿಲ್ಲ. ಆಗ ಆಶ್ರಯ ಕೊಡುವವನು ಓರ್ಶ್‌ಫಾನ್ ಅನ್ನುವ ಒಬ್ಬ ನೈಟ್. ಮೂವತ್ತು ನಲವತ್ತನೇ ಲೆವೆಲ್ಲಿನ ಹೊತ್ತಿಗೆ, ಕಳೆದುಹೋದ ಹಾರುಹಡಗು ಹುಡುಕೋಕೆ ನೆರವಾದ ಅದೇ ಮನುಷ್ಯ. ಆಗ ಅವನನ್ನು ಯಾರೂ ಗಂಭೀರವಾಗಿ ತಗೊಂಡಿರಲ್ಲ, ಸ್ವಲ್ಪ ಅತಿ ಅನ್ನಿಸುತ್ತಾನೆ. ಮುಂದೆ ಹೆವನ್ಸ್‌ವರ್ಡ್‌ನಲ್ಲಿ ನಮ್ಮತ್ತ ಬಂದ ಬೆಳಕಿನ ಈಟಿಗೆ ಗುರಾಣಿ ಹಿಡಿದು ಸಾಯುತ್ತಾನೆ. ಊರ ಕಡೆ ಮುಖ ಮಾಡಿದ ಒಂದು ದಿಬ್ಬದ ಮೇಲೆ ಅವನ ಸಮಾಧಿ. ತೂತು ಬಿದ್ದ ಆ ಗುರಾಣಿ ಅಲ್ಲೇ ಒರಗಿರುತ್ತೆ. ಇವತ್ತಿಗೂ ಜನ ಆ ಕಲ್ಲಿನ ಮುಂದೆ ಹೋಗಿ ತಮ್ಮ ಪಾತ್ರವನ್ನು ಮಂಡಿಯೂರಿಸುತ್ತಾರೆ. ಹಿಂದಿನ ಕಥೆ ಆಡದೆ ನೇರ ಹೆವನ್ಸ್‌ವರ್ಡ್‌ಗೆ ಇಳಿದವರಿಗೆ ಇವನು ಯಾರು? ಪರದೆ ಮೇಲೆ ಯಾರೋ ಸತ್ತರು, ಅಷ್ಟೇ.”

ಕಿರಿಯಳು ಇದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ವಾದ ಅಲ್ಲೇ ಮುಗಿಯುತ್ತಿತ್ತು. ಬದಲಿಗೆ ಅವಳು ವೈನ್ ಮತ್ತು ಚೀಸಿನ ಪ್ರಸ್ತಾಪ ಎತ್ತಿದಳು.

“ಟೈಟನ್ ಅನ್ನೋ ಭೂಮಿಯ ದೈವದ ಜತೆ ಹೋರಾಡೋಕೆ ಹೊರಟಿರುತ್ತೀವಿ. ಲೋಕಕ್ಕೆ ಕುತ್ತು ಬಂದಿದೆ. ಅವನನ್ನು ಹಿಂದೆ ಸೋಲಿಸಿದ ಹಳೆ ಯೋಧರ ಹತ್ತಿರ ಗುಟ್ಟು ಕೇಳೋಣ ಅಂತ ಹೋದರೆ, ಮೊದಲು ನಮಗೊಂದು ಔತಣ ಏರ್ಪಾಡು ಮಾಡು ಅಂತಾರೆ. ವೈನ್‌ಪೋರ್ಟಿಗೆ ಓಡು, ವೈನ್ ತಾ. ಗಾಬ್ಲಿನ್ ಹೆಂಗಸಿನ ಕ್ಯಾಂಪಿಗೆ ಓಡು, ಚೀಸ್ ತಾ. ಲೋಕ ಕಾಯುತ್ತಾ ಇರುತ್ತೆ. ಇದು ಕಥೆಯಾ, ಇಲ್ಲ ಅಡುಗೆಭಟ್ಟರ ಪಟ್ಟಿಯಾ?”

ಮೇಷ್ಟ್ರು ಜೋರಾಗಿ ನಕ್ಕರು. ಹಳಬನೂ ನಕ್ಕ, ಈ ಆಟ ಆಡಿದವರು ಯಾರೂ ಆ ಔತಣವನ್ನು ಸಮರ್ಥಿಸಿಕೊಂಡದ್ದಿಲ್ಲ.

ಅವಳ ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. ಆಟದ ಮೊದಲ ಭಾಗದಲ್ಲಿ ನಾಯಕನ ಸಂಗಡಿಗರ ಕಚೇರಿ ಇರುವುದು ವೆಸ್ಪರ್ ಬೇ ಎಂಬ ಸಣ್ಣ ಬಂದರಿನಲ್ಲಿ. ನಾಡಿನ ಮುಖ್ಯ ಊರುಗಳಲ್ಲಿ ಟೆಲಿಪೋರ್ಟ್ ಮಾಡುವ ಸ್ಫಟಿಕಗಳಿವೆ, ಈ ಊರಿನಲ್ಲಿ ಇಲ್ಲ. ಪ್ರತಿ ಸಣ್ಣ ಕೆಲಸ ಮುಗಿದಾಗಲೂ ಕಚೇರಿಗೆ ಬಂದು ವರದಿ ಒಪ್ಪಿಸು ಎಂಬ ಕರೆ ಬರುತ್ತದೆ. ಪಕ್ಕದ ಊರಿನಿಂದ ಮರಳುಗಾಡಿನ ದಾರಿಯಲ್ಲಿ ಓಡಿ ಹೋಗಬೇಕು, ಎರಡು ಮಾತು ಕೇಳಬೇಕು, ಮತ್ತೆ ಹೊರಡಬೇಕು. ಮೊದಲ ಭಾಗ ಮುಗಿದು ಹೆವನ್ಸ್‌ವರ್ಡ್ ಶುರುವಾಗುವ ನಡುವಿನ ಕಾಲದಲ್ಲಿ ಅಪ್‌ಡೇಟುಗಳಲ್ಲಿ ಬಂದ ಕ್ವೆಸ್ಟುಗಳೋ, ಅಂದರೆ ಆಟ ಒಪ್ಪಿಸುವ ಕೆಲಸಗಳೋ, ನೂರರ ಆಸುಪಾಸು. ಅವು ಬಂದ ಕಾಲದಲ್ಲಿ ಮೂರು ಮೂರು ತಿಂಗಳಿಗೊಂದು ಕಂತಾಗಿ ಬಂದಿದ್ದರಿಂದ ಯಾರಿಗೂ ಭಾರವೆನಿಸಿರಲಿಲ್ಲ. ಹೊಸದಾಗಿ ಬಂದವರ ಮೇಲೆ ಒಟ್ಟಿಗೇ ಬೀಳುತ್ತವೆ.

ಇದು ಅವಳ ವಾದದಲ್ಲಿ ತೂಕವಿದ್ದ ಮಾತು. ಕಂತಿನಲ್ಲಿ ಬರೆದ ಕಥೆಯನ್ನು ಒಂದೇ ಗುಟುಕಿಗೆ ಕುಡಿಸಿದರೆ ಒಳ್ಳೆಯ ಕಥೆಯೂ ಕಹಿಯಾಗುತ್ತದೆ. ಹಿಂದಿನ ಕಥೆ ಮುಗಿಸಿದರೇ ತೆರೆಯುವ ಈ ಬೀಗದ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು, ಕೂತು ಕೇಳಿದರೆ, ಬೀಗದ ಮೇಲಿನ ದೂರುಗಳಲ್ಲ. ಬೀಗದವರೆಗೆ ಹೋಗುವ ರಸ್ತೆಯ ಮೇಲಿನವು.

“ಅದು ಕಂಪನಿಗೂ ಗೊತ್ತಾಯಿತು,” ಎಂದ ಹಳಬ. “2020ರ ಆಗಸ್ಟ್‌ನಲ್ಲಿ 5.3 ಅಪ್‌ಡೇಟ್ ಬಂತು. ಮೊದಲ ಭಾಗದ ಕ್ವೆಸ್ಟುಗಳಲ್ಲಿ ಸುಮಾರು ಶೇ 13ರಷ್ಟು ಕಿತ್ತು ಹಾಕಿದರು. ಕಥೆಗೆ ಸಂಬಂಧ ಇಲ್ಲದ ಓಡಾಟ ಕಡಿಮೆಯಾಯಿತು. ಹಳೆ ಸೀಮೆಗಳಲ್ಲಿ ಹಾರೋಕೂ ಬಿಟ್ಟರು.”

“ಏಳು ವರ್ಷ ಆದ ಮೇಲೆ.”

“ಏಳು ವರ್ಷ ಆದ ಮೇಲೆ,” ಅವನು ಒಪ್ಪಿಕೊಂಡ.

ಅಷ್ಟರಲ್ಲಿ ಮೇಷ್ಟ್ರಿಗೆ ತಮ್ಮ ಆಟ ನೆನಪಾಯಿತು. “ನೋಡೀ, ನಮ್ಮಲ್ಲಿ ರಾತ್ರಿ ಹತ್ತಕ್ಕೆ ಚೌಕಿ ಪೂಜೆ ಆಗುತ್ತೆ, ಬಾಲಗೋಪಾಲರ ವೇಷ ಬರುತ್ತೆ, ಪ್ರಸಂಗ ಶುರುವಾಗುತ್ತೆ. ಅರ್ಧ ಜನ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಎರಡು ಗಂಟೆಗೆ ಬರುತ್ತಾರೆ. ಕೀಚಕ ರಂಗಕ್ಕೆ ಬರೋ ಹೊತ್ತಿಗೆ ಸರಿಯಾಗಿ ಕೂರುತ್ತಾರೆ. ಯಾರೂ ಅವರನ್ನು ಗೇಟಲ್ಲಿ ತಡೆದು, ಮೊದಲಿಂದ ನೋಡಿದ್ದೀಯೇನು ಅಂತ ಕೇಳಲ್ಲ. ರಸ ಏನೂ ಕಡಿಮೆ ಆಗಲ್ಲ ಅವರಿಗೆ.”

ಕಿರಿಯಳ ಕಣ್ಣು ಅರಳಿತು. ಇಷ್ಟು ಹೊತ್ತು ತಾನು ಹುಡುಕುತ್ತಿದ್ದ ಸಾಕ್ಷಿ ಮೇಷ್ಟ್ರ ಬಾಯಲ್ಲೇ ಸಿಕ್ಕಿತ್ತು.

“ಮೇಷ್ಟ್ರೇ,” ಹಳಬ ಮೆಲ್ಲಗೆ ಕೇಳಿದ, “ಆ ಎರಡು ಗಂಟೆಗೆ ಬಂದವನಿಗೆ ಕೀಚಕ ಯಾರು ಅಂತ ಹೇಳಿಕೊಟ್ಟವರು ಯಾರು?”

“ಹೇಳಿಕೊಡೋದೇನು ಬಂತು? ಹುಟ್ಟಿದಾಗಿಂದ ಕೇಳಿರುತ್ತಾನೆ.”

“ಓರ್ಶ್‌ಫಾನ್ ಕಥೆ ನನಗೆ ಯಾವ ಅಜ್ಜಿಯೂ ಹೇಳಿರಲಿಲ್ಲ.”

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ಸರಿ ಎಂದು ತಲೆಯಾಡಿಸಿದರು. ಗೊತ್ತಿರುವ ಕಥೆಯನ್ನು ಎಲ್ಲಿಂದ ಬೇಕಾದರೂ ಹೊಗಬಹುದು. ಒಂದು ಕಂಪನಿಯ ಬರಹಗಾರರು ಹೊಸದಾಗಿ ಕಟ್ಟಿದ ಲೋಕಕ್ಕೆ ಆ ಸೌಲಭ್ಯವಿಲ್ಲ. ಅಲ್ಲಿ ಅಜ್ಜಿಯ ಕೆಲಸವನ್ನೂ ಆಟವೇ ಮಾಡಬೇಕು. ಕಿರಿಯಳು ಮಾತ್ರ ಸೋಲೊಪ್ಪಲಿಲ್ಲ. ಎಲ್ಲರೂ ಕಥೆ ಕೇಳಲೆಂದೇ ಬರುವುದಿಲ್ಲ ಎಂದಳು. ಚೆಂಡೆ ಕೇಳಲು ಬರುವವರಿದ್ದಾರೆ, ಕುಣಿತ ನೋಡಲು ಬರುವವರಿದ್ದಾರೆ, ಗೆಳೆಯರು ಬರುತ್ತಾರೆಂದು ಬರುವವರೂ ಇದ್ದಾರೆ. ಆನ್‌ಲೈನ್ ಆಟ ಎಂದ ಮೇಲೆ ಈ ಕೊನೆಯವರ ಸಂಖ್ಯೆಯೇನೂ ಕಡಿಮೆಯಲ್ಲ.

ಗೆಳೆಯರ ವಿಷಯ ಬಂದಾಗ ಹಳಬನ ದನಿ ತಗ್ಗಿತು. ಅವನ ಕಡೆ ಬಲವಿಲ್ಲದ ಜಾಗ ಇದು.

ಅಂಥದ್ದೇ ಇನ್ನೊಂದು ಜಾಗವೂ ಇತ್ತು. 2015ರ ಹೆವನ್ಸ್‌ವರ್ಡ್ ಜತೆ ಮೂರು ಹೊಸ ಜಾಬ್‌ಗಳು, ಅಂದರೆ ಪಾತ್ರ ಹಿಡಿಯುವ ಕಸುಬುಗಳು, ಬಂದವು: ಡಾರ್ಕ್ ನೈಟ್, ಆಸ್ಟ್ರಾಲಜಿಯನ್, ಮೆಷಿನಿಸ್ಟ್. ದೊಡ್ಡ ಕತ್ತಿ, ಇಸ್ಪೀಟಿನಂಥ ಕಾರ್ಡುಗಳು, ಬಂದೂಕು. ಜಾಹೀರಾತಿನ ಚಿತ್ರಗಳಲ್ಲಿ ರಾರಾಜಿಸಿದ್ದೂ ಇವೇ. ಆದರೆ ಮೂರನ್ನೂ ಕಲಿಸುವ ಗುರುಗಳು ಇದ್ದದ್ದು ಇಶ್‌ಗಾರ್ಡ್ ಒಳಗೆ. ಡಾರ್ಕ್ ನೈಟ್ ಆಗುವ ಆಸೆಯಿಂದ ಪೆಟ್ಟಿಗೆ ಕೊಂಡ ಹೊಸಬರು ಮೊದಲು ಬೇರೆ ಯಾವುದೋ ಜಾಬ್ ಹಿಡಿದು, ವೈನು ಚೀಸು ಹೊತ್ತು, ನೂರರ ಆಸುಪಾಸಿನ ಕ್ವೆಸ್ಟು ಮುಗಿಸಿ, ಆಮೇಲೆ ಕತ್ತಿ ಹಿಡಿಯಬೇಕಾಗಿತ್ತು.

“ಕಥೆಯ ಗುಟ್ಟು ಬಯಲಾಗುತ್ತೆ ಅಂತ ಊರಿಗೆ ಬೀಗ ಹಾಕಿದರು, ಒಪ್ಪೋಣ,” ಅವಳು ಹೇಳಿದಳು. “ಬಂದೂಕಿನಲ್ಲಿ ಯಾವ ಗುಟ್ಟಿದೆ?”

ಉತ್ತರ ಕಂಪನಿಯ ಬಳಿಯೂ ಇರಲಿಲ್ಲವೆಂದು ಕಾಣುತ್ತದೆ. 2017ರ ಸ್ಟಾರ್ಮ್‌ಬ್ಲಡ್‌ನಲ್ಲಿ ಬಂದ ಸಮುರಾಯ್ ಮತ್ತು ರೆಡ್ ಮೇಜ್ ಜಾಬ್‌ಗಳ ಗುರುಗಳು ಆಟದ ಮೊದಲ ಊರುಗಳಲ್ಲಿ ಒಂದಾದ ಉಲ್ದಾದಲ್ಲೇ ಸಿಗುತ್ತಾರೆ. ಯಾವುದಾದರೂ ಜಾಬ್‌ನಲ್ಲಿ 50ನೇ ಲೆವೆಲ್ ತಲುಪಿದ್ದರೆ ಸಾಕು, ಎಕ್ಸ್‌ಪಾನ್ಶನ್‌ನ ಕಥೆ ಎಲ್ಲಿಗೆ ಬಂದಿದೆ ಎಂದು ಯಾರೂ ಕೇಳುವುದಿಲ್ಲ. 2019ರಲ್ಲಿ ಗನ್‌ಬ್ರೇಕರ್, ಡ್ಯಾನ್ಸರ್. 2021ರಲ್ಲಿ ರೀಪರ್, ಸೇಜ್. 2024ರಲ್ಲಿ ವೈಪರ್, ಪಿಕ್ಟೊಮ್ಯಾನ್ಸರ್. ಎಲ್ಲಕ್ಕೂ ಇದೇ ಪದ್ಧತಿ. ಗುರುಗಳು ಹಳೆಯ ಊರುಗಳಲ್ಲಿದ್ದಾರೆ, ಬೇಕಾದದ್ದು ಲೆವೆಲ್ ಮಾತ್ರ. ಹೀಗೆ ಮಾಡಿದ್ದರಿಂದ ಕಥೆಗೆ ಎಳ್ಳಷ್ಟೂ ನಷ್ಟವಾಗಲಿಲ್ಲ. ಈ ಒಂದು ತಿದ್ದುಪಡಿ ಇಡೀ ಚರ್ಚೆಯ ತಿರುಳನ್ನು ಹೇಳಿಬಿಡುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ: ಕಥೆಯೊಳಗಿನದನ್ನು ಕಥೆಯ ಬೀಗದ ಹಿಂದೆ ಇಡಿ, ಆಡುವ ಕೈಗೆ ಬೇಕಾದ ಸಾಮಾನನ್ನು ಹೊರಗಿಡಿ. ಹೇಳಲು ಇಷ್ಟು ಸುಲಭವಾದದ್ದು ಮಾಡಲು ಒಂದು ಎಕ್ಸ್‌ಪಾನ್ಶನ್ ಹಿಡಿಯಿತು.

ಇನ್ನೊಂದು ಪ್ರಸಂಗವನ್ನು ಹಳಬ ತಾನಾಗಿಯೇ ಹೇಳಿದ. ಆಟದ ಮೊದಲ ಭಾಗದ ಕ್ಲೈಮ್ಯಾಕ್ಸ್ ಪ್ರಿಟೋರಿಯಂ ಎಂಬ ಕೋಟೆಯಲ್ಲಿ ನಡೆಯುತ್ತದೆ. ಮೊದಲು ಅಲ್ಲಿಗೆ ಎಂಟು ಜನ ಸೇರಿ ಹೋಗಬೇಕಿತ್ತು. ಏಳು ಜನ ಹಳಬರು, ನೂರು ಸಲ ಬಂದವರು. ಒಬ್ಬ ಹೊಸಬ, ಮೊದಲ ಸಲ. ಖಳನಾಯಕನ ದೀರ್ಘ ಭಾಷಣದ ದೃಶ್ಯ ಶುರುವಾಗುತ್ತದೆ. ಏಳು ಜನ ಗುಂಡಿ ಒತ್ತಿ ಹಾರಿಸಿ ಮುಂದೆ ಓಡುತ್ತಾರೆ. ಹೊಸಬ ಭಾಷಣ ಕೇಳಿ ಹೊರಬರುವಷ್ಟರಲ್ಲಿ ಖಳನಾಯಕ ಸತ್ತು ಬಿದ್ದಿರುತ್ತಾನೆ. ಅಷ್ಟೆಲ್ಲ ಕ್ವೆಸ್ಟು ಮಾಡಿ ಬಂದದ್ದು ಹೆಣ ನೋಡಲು! 2018ರಲ್ಲಿ ಕಂಪನಿ ದೃಶ್ಯಗಳನ್ನು ಯಾರೂ ಹಾರಿಸದಂತೆ ಮಾಡಿತು. ಆಗ ಹಳಬರು ಒಂದು ಗಂಟೆಯ ಹತ್ತಿರ ಕೂತು ಅದೇ ಭಾಷಣವನ್ನು ಮತ್ತೆ ಮತ್ತೆ ಕೇಳಬೇಕಾಯಿತು. ಜನ ಅಡುಗೆ ಮನೆಗೆ ಹೋಗಿ ಚಹಾ ಮಾಡಿಕೊಂಡು ಬರುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಇಡೀ ಭಾಗವನ್ನು ಒಡೆದು ಚಿಕ್ಕದಾಗಿ ಕಟ್ಟಿದರು. ಮೊದಲ ಭಾಗದ ನಾಲ್ಕು ಜನರ ಡಂಜನ್‌ಗಳಿಗೆ ಕಂಪ್ಯೂಟರ್ ನಡೆಸುವ ಪಾತ್ರಗಳನ್ನೇ ಜತೆಗೆ ಕರೆದೊಯ್ಯುವ ವ್ಯವಸ್ಥೆಯೂ ಆಗಲೇ ಬಂತು. ಹಳಬರ ದಯೆಗಾಗಿ ಕಾಯುವ ಅಗತ್ಯ ಅಷ್ಟರಮಟ್ಟಿಗೆ ತಪ್ಪಿತು.

“ಬೀಗವೇ ಬೇಡ ಅಂದವರ ಕಥೆ ಏನಾಯಿತು, ಅದನ್ನೂ ಹೇಳು,” ಹಳಬ ಈಗ ಅವಳ ಅಂಗಳಕ್ಕೆ ಚೆಂಡು ತಳ್ಳಿದ.

ಅವಳು ಮೊದಲು ಬೀಗ ಹಾಕಿ ಪೆಟ್ಟು ತಿಂದವರಿಂದ ಶುರುಮಾಡಿದಳು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, 2007ರ ಜನವರಿ, ಬರ್ನಿಂಗ್ ಕ್ರುಸೇಡ್. ತಂಡವಾಗಿ ನುಗ್ಗುವ ಒಂದೊಂದು ದೊಡ್ಡ ರೇಡ್‌ಗೂ ಅರ್ಹತೆಯ ಸರಪಳಿ. ಲೇಡಿ ವಾಶ್ ಮತ್ತು ಕೇಲ್‌ಥಾಸ್ ಎಂಬ ಇಬ್ಬರು ಖಳರನ್ನೂ ಕೆಡವದೆ ಹೈಜಲ್ ಪರ್ವತಕ್ಕೆ ಹೋಗುವಂತಿಲ್ಲ. ಅವರಿಬ್ಬರ ಬಳಿ ಹೋಗಲು ಅದಕ್ಕೂ ಹಿಂದಿನ ಬೇರೆ ಅರ್ಹತೆಗಳು. ಯಾವುದಕ್ಕೆ ಯಾವುದು ಬೇಕು ಎಂದು ಆಟಗಾರರು ನಕ್ಷೆ ಬರೆದು ಗೋಡೆಗೆ ಅಂಟಿಸಿಕೊಂಡ ಕಾಲ ಅದು. ತೊಂದರೆ ಬಂದದ್ದು ಗಿಲ್ಡ್ ಎಂಬ ಆಟಗಾರರ ಸಂಘಗಳಿಗೆ. ಇಪ್ಪತ್ತೈದು ಜನರ ತಂಡದಲ್ಲಿ ಒಬ್ಬ ಬಿಟ್ಟು ಹೋದರೆ, ಅವನ ಜಾಗಕ್ಕೆ ಬಂದ ಹೊಸಬನಿಗಾಗಿ ಉಳಿದ ಇಪ್ಪತ್ತನಾಲ್ಕು ಜನ ಹಳೆಯ ಕೋಟೆಗಳನ್ನು ಮತ್ತೆ ಹತ್ತಬೇಕು. ಅದರ ಬದಲು ಇನ್ನೊಂದು ಗಿಲ್ಡ್‌ನಿಂದ ಅರ್ಹತೆ ಇದ್ದವನನ್ನೇ ಎಳೆದುಕೊಳ್ಳುವುದು ಸುಲಭ. ಹಾಗೇ ಎಳೆದರು. ಕೆಳಗಿನ ಗಿಲ್ಡ್‌ಗಳು ಬರಿದಾದವು. 2008ರ ಮಾರ್ಚ್‌ನ 2.4 ಅಪ್‌ಡೇಟ್ ಹೊತ್ತಿಗೆ ಬ್ಲಿಝರ್ಡ್ ಕಂಪನಿ ಈ ಬೀಗಗಳಲ್ಲಿ ಬಹುಪಾಲನ್ನು ತೆಗೆದುಹಾಕಿತು.

“ಆಮೇಲೆ?” ಹಳಬ ಬಿಡಲಿಲ್ಲ.

ಆಮೇಲಿನದು ಇನ್ನೊಂದು ತುದಿ. 2010ರ ಡಿಸೆಂಬರ್‌ನ ಕ್ಯಾಟಕ್ಲಿಸಮ್ ಎಕ್ಸ್‌ಪಾನ್ಶನ್ 2004ರ ಹಳೆಯ ಲೋಕವನ್ನೇ ಒಡೆದು ಬೇರೆ ಕಟ್ಟಿತು. ಹಳೆಯ ಕ್ವೆಸ್ಟುಗಳಲ್ಲಿ ಎಷ್ಟೋ ಕಣ್ಮರೆಯಾದವು. 2014ರಲ್ಲಿ ದುಡ್ಡು ಕೊಟ್ಟು 90ನೇ ಲೆವೆಲ್‌ಗೆ ಹಾರುವ ಅವಕಾಶ ಬಂತು. 2020ರಲ್ಲಿ 120 ಲೆವೆಲ್‌ಗಳನ್ನು ಕುಗ್ಗಿಸಿ 50 ಮಾಡಿದರು. ಹೊಸಬರನ್ನು ಒಂದು ದ್ವೀಪದಲ್ಲಿ ತರಬೇತಿ ಕೊಟ್ಟು ನೇರವಾಗಿ ಬ್ಯಾಟಲ್ ಫಾರ್ ಆಝೆರೋತ್ ಎಂಬ 2018ರ ಎಕ್ಸ್‌ಪಾನ್ಶನ್‌ಗೆ ಕಳಿಸುವ ಏರ್ಪಾಡಾಯಿತು.

ಆಗ ಆ ದಾರಿಯಲ್ಲಿ ಬಂದವರು ಏನು ಕಾಣುತ್ತಿದ್ದರು ಎಂಬುದನ್ನು ಹಳಬ ವಿವರಿಸಿದ. ಜೈನಾ ಎಂಬ ಮಾಂತ್ರಿಕಳ ಜತೆ ಹಡಗಿನಲ್ಲಿ ಬೊರಾಲಸ್ ಬಂದರಿಗೆ ಇಳಿಯುತ್ತೀರಿ. ಅದು ಅವಳ ತವರು. ಎದುರಿಗೆ ಬಂದ ಹೆತ್ತ ತಾಯಿಯೇ ಅವಳನ್ನು ದ್ರೋಹಿ ಎಂದು ಬಂಧಿಸುತ್ತಾಳೆ. ಆಟದ ಇತಿಹಾಸದಲ್ಲೇ ತೀಕ್ಷ್ಣವಾದ ದೃಶ್ಯಗಳಲ್ಲಿ ಒಂದು. ಆದರೆ ತಾಯಿಗೆ ಮಗಳ ಮೇಲೆ ಯಾಕಿಷ್ಟು ಕೋಪ? ತಂದೆಯ ಸಾವಿಗೆ ಮಗಳು ದಾರಿಮಾಡಿಕೊಟ್ಟಳು ಎಂಬ ಕಥೆ ಇರುವುದು 2003ರ ಫ್ರೋಜನ್ ಥ್ರೋನ್ ಎಂಬ ಬೇರೆಯದೇ ಆಟದಲ್ಲಿ. ಹೊಸಬನಿಗೆ ಜೈನಾ ಪರಿಚಯವಾಗಿಯೇ ಅರ್ಧ ಗಂಟೆಯಾಗಿಲ್ಲ.

“ಅವನಿಗೆ ಅರ್ಥ ಆಗಲ್ಲ, ನಿಜ. ಆದರೆ ಆಡುತ್ತಾನಲ್ಲ!” ಎಂದಳು ಅವಳು. “ಗೆಳೆಯರ ಜತೆ ಅದೇ ವಾರ ಆಡುತ್ತಾನೆ. ಕಥೆ ಬೇಕಾದರೆ ಆಮೇಲೆ ಹುಡುಕಿಕೊಳ್ಳುತ್ತಾನೆ.”

“ಹುಡುಕೋಕೆ ಇದ್ದರೆ ತಾನೇ?” ಎಂದು ಹಳಬ ಡೆಸ್ಟಿನಿ 2 ಹೆಸರೆತ್ತಿದ. ಅಲ್ಲಿಗೆ ಅವಳ ಮುಖ ಸಪ್ಪಗಾಯಿತು. ಬಂಜೀ ಕಂಪನಿಯ ಆ ಆಟ ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. 2020ರ ನವೆಂಬರ್‌ನಲ್ಲಿ ಬಿಯಾಂಡ್ ಲೈಟ್ ಎಕ್ಸ್‌ಪಾನ್ಶನ್ ಬಂದ ದಿನ ಮೂಲ ಆಟದ ಕಥೆಯಾದ ರೆಡ್ ವಾರ್ ಮತ್ತು ಮೊದಲ ಎರಡು ಎಕ್ಸ್‌ಪಾನ್ಶನ್‌ಗಳ ಕಥೆ ಆಟದಿಂದಲೇ ಹೊರಬಿದ್ದವು. ಮಂಗಳ, ಬುಧ, ಐಓ, ಟೈಟನ್ ತಾಣಗಳೂ ಅವುಗಳ ಜತೆ ಹೋದವು. 2022ರ ಫೆಬ್ರವರಿಯಲ್ಲಿ ಫಾರ್ಸೇಕನ್ ಕಥೆಯ ಸರದಿ. ಆಟ ತೀರಾ ದೊಡ್ಡದಾಯಿತು, ನಿಭಾಯಿಸುವುದು ಕಷ್ಟ ಎಂಬುದು ಕಂಪನಿಯ ಕಾರಣ. ದುಡ್ಡು ಕೊಟ್ಟು ಕೊಂಡ ಕಥೆಗೆ ಬೀಗ ಹಾಕಿದ್ದಲ್ಲ, ಮನೆಯನ್ನೇ ಕೆಡವಿದ್ದು. ಅದರ ಮುಂದೆ ಇಶ್‌ಗಾರ್ಡಿನ ಬಾಗಿಲು ಉದಾರವಾಗಿಯೇ ಕಾಣುತ್ತದೆ. 2013ರ ಕಥೆಯನ್ನು ಈಗಲೂ ಮೊದಲಿನಿಂದ ಕೊನೆಯವರೆಗೆ ಆಡಬಹುದಾದ ಆಟ ಅದು. ಎಲ್ಲರೂ ಆ ಹಾದಿಯಲ್ಲೇ ಬರಬೇಕು ಎಂಬ ನಿಯಮ ಇರುವುದರಿಂದಲೇ ಆ ಹಾದಿಯನ್ನು ಕೆಡವುವ ಹಾಗಿಲ್ಲ. ಬೀಗದಿಂದ ಇಂಥದ್ದೊಂದು ಲಾಭವಿದೆ ಎಂದು ಸಾಮಾನ್ಯವಾಗಿ ಯಾರೂ ಲೆಕ್ಕ ಹಾಕುವುದಿಲ್ಲ.

ಮೇಷ್ಟ್ರಿಗೆ ಈಗ ದುಡ್ಡಿನ ಲೆಕ್ಕ ಬೇಕಾಯಿತು. ತಿಂಗಳ ಬಾಡಿಗೆ ಇದೆಯಂತಲ್ಲ ಎಂದರು. ಇದೆ, ಅಮೆರಿಕದ ದರದಲ್ಲಿ ಸಾಮಾನ್ಯ ಚಂದಾ ತಿಂಗಳಿಗೆ 14.99 ಡಾಲರ್. ಹಾಗಾದರೆ ದಾರಿ ಉದ್ದವಾದಷ್ಟೂ ಕಂಪನಿಗೆ ಲಾಭ, ಬೀಗದ ಹಿಂದಿನ ಮರ್ಮ ಇದೇ ಅಲ್ಲವೇ ಎಂಬುದು ಅವರ ಅನುಮಾನ. ಪಾಠ ಮಾಡುವವರಿಗೆ ಇಂಥ ಅನುಮಾನ ಬೇಗ ಬರುತ್ತದೆ.

ಹಳಬನ ಬಳಿ ಇದಕ್ಕೆ ಗಟ್ಟಿ ಉತ್ತರವಿತ್ತು. ಆಟದ ಉಚಿತ ಆವೃತ್ತಿಗೆ ಕಾಲಮಿತಿಯೇ ಇಲ್ಲ. 2020ರ ಆಗಸ್ಟ್‌ನಿಂದ ಹೆವನ್ಸ್‌ವರ್ಡ್, 2023ರ ಅಕ್ಟೋಬರ್‌ನಿಂದ ಸ್ಟಾರ್ಮ್‌ಬ್ಲಡ್ ಕೂಡ ಅದರೊಳಗೆ ಬಂದಿವೆ; 70ನೇ ಲೆವೆಲ್‌ವರೆಗೆ ಒಂದು ಪೈಸೆ ಕೊಡದೆ ಆಡಬಹುದು. ಅವಳು ದೂರಿದ ವೈನು, ಚೀಸು, ಮರಳುಗಾಡಿನ ಓಟ ಎಲ್ಲವೂ ಈ ಪುಕ್ಕಟೆ ಭಾಗದಲ್ಲೇ ಬರುತ್ತವೆ. ಜತೆಗೆ, ಹೊಸ ಕಥೆ ಮುಗಿದ ಮೇಲೆ ಚಂದಾ ನಿಲ್ಲಿಸಿ ಬೇರೆ ಆಟ ಆಡಿ, ಮತ್ತೆ ಬನ್ನಿ ಎಂದು ಬಹಿರಂಗವಾಗಿಯೇ ಹೇಳಿದವರು ನಿರ್ದೇಶಕ ಯೊಶಿದಾ.

“ಸರಿ. ಕೀಲಿ ಮಾರೋದರ ಬಗ್ಗೆ ಏನಂತೀಯ?” ಅವಳು ಕೇಳಿದಳು.

2017ರಿಂದ ಕಂಪನಿಯ ಅಂತರ್ಜಾಲ ಅಂಗಡಿಯಲ್ಲಿ ‘ಟೇಲ್ಸ್ ಆಫ್ ಅಡ್ವೆಂಚರ್’ ಎಂಬ ಪುಸ್ತಕಗಳು ಮಾರಾಟಕ್ಕಿವೆ. ಒಂದನ್ನು ಕೊಂಡರೆ ಹಳೆಯ ಕಥೆಯೆಲ್ಲ ಮುಗಿಸಿದಂತೆ ಲೆಕ್ಕ. ಇನ್ನೊಂದನ್ನು ಕೊಂಡರೆ ಒಂದು ಜಾಬ್‌ನ ಲೆವೆಲ್ ಏರುತ್ತದೆ. ತೀರಾ ಹೊಸ ಎಕ್ಸ್‌ಪಾನ್ಶನ್‌ನ ಕಥೆಯನ್ನು ಮಾತ್ರ ಹೀಗೆ ಹಾರಲು ಬರುವುದಿಲ್ಲ. ಅಂದರೆ ಕಥೆ ಅಷ್ಟು ಪವಿತ್ರ, ಅದನ್ನು ಯಾರೂ ತಪ್ಪಿಸಿಕೊಳ್ಳಬಾರದು ಎನ್ನುವ ಕಂಪನಿಯೇ, ಡಾಲರ್ ಕೊಟ್ಟರೆ ತಪ್ಪಿಸಿಕೊಳ್ಳಿ ಎನ್ನುತ್ತದೆ.

ಹಳಬ ತಡವರಿಸಿದ. ಮೊದಲ ಸಲ ಕಥೆ ಆಡಿ, ಎರಡನೇ ಪಾತ್ರ ಕಟ್ಟುವವರಿಗೆ ಅದು ಅನುಕೂಲ ಎಂದ. ಹೌದು, ಅನುಕೂಲ. ಹಾಗಿದ್ದರೆ ಒಂದು ಸಲ ಮುಗಿಸಿದ ಖಾತೆಗೆ ಅದನ್ನು ಉಚಿತವಾಗಿ ಕೊಡಬಹುದಿತ್ತು. ಈ ಒಂದು ವಿಷಯದಲ್ಲಿ ಕಿರಿಯಳ ಪಟ್ಟೇ ಸರಿ. ಬೀಗ ಹಾಕಿದವರೇ ಕೀಲಿ ಮಾರಲು ಕೂತಾಗ, ಬೀಗ ಕಥೆಗಾಗಿಯೋ ಕೀಲಿಗಾಗಿಯೋ ಎಂಬ ಸಂಶಯಕ್ಕೆ ಅವರೇ ಎಡೆಮಾಡಿಕೊಟ್ಟ ಹಾಗೆ.

ಬೀಗದ ಇನ್ನೊಂದು ಪರಿಣಾಮವನ್ನು ಅವಳು ನಗುತ್ತಲೇ ಹೇಳಿದಳು. ಎಲ್ಲರೂ ಒಂದೇ ಹಾದಿಯಲ್ಲಿ ಹೋಗಬೇಕೆಂದರೆ ಬಿಡುಗಡೆಯ ದಿನ ಎಲ್ಲರೂ ಒಂದೇ ಬಾಗಿಲಲ್ಲಿ ನಿಂತಿರುತ್ತಾರೆ. 2017ರ ಜೂನ್ 16, ಸ್ಟಾರ್ಮ್‌ಬ್ಲಡ್ ಮುಂಗಡವಾಗಿ ಕೊಂಡವರಿಗೆ ತೆರೆದ ದಿನ. ಕಥೆಯ ಶುರುವಿನಲ್ಲೇ ರೌಬಾನ್ ಎಂಬ ಸೇನಾಪತಿಯ ಜತೆ ಮಾತಾಡಿ ಒಂಟಿಯಾಗಿ ಒಂದು ಸಣ್ಣ ಕಾಳಗಕ್ಕೆ ಇಳಿಯಬೇಕು. ಸರ್ವರ್ ಆ ಒಂದು ಬಿಂದುವಿನಲ್ಲಿ ಕುಸಿಯಿತು. ಜನ ರೌಬಾನ್ ಸುತ್ತ ಮುತ್ತಿಕೊಂಡು ಗಂಟೆಗಟ್ಟಲೆ ಅವನನ್ನೇ ಕ್ಲಿಕ್ ಮಾಡುತ್ತ ನಿಂತರು. ಈ ಆಟದಲ್ಲಿ ಅತಿ ಕಠಿಣ ಹೋರಾಟಗಳಿಗೆ ‘ಎಕ್ಸ್‌ಟ್ರೀಮ್’ ಎಂಬ ಬಿರುದು ಇರುತ್ತದೆ. ಆಟಗಾರರು ಆ ಸರದಿಗೆ ‘ರೌಬಾನ್ ಎಕ್ಸ್‌ಟ್ರೀಮ್’ ಎಂದು ಹೆಸರಿಟ್ಟರು. ಕಂಪನಿ ಪಾಠ ಕಲಿಯಿತು. 2019ರ ಶ್ಯಾಡೋಬ್ರಿಂಗರ್ಸ್ ಕಥೆ ಶುರುವಿನಲ್ಲೇ ಎರಡಾಗಿ ಕವಲೊಡೆಯುತ್ತದೆ: ಅವಳಿ ಮಕ್ಕಳಲ್ಲಿ ಅಣ್ಣನ ಬಳಿ ಮೊದಲು ಹೋಗುವಿರೋ, ತಂಗಿಯ ಬಳಿಯೋ, ನಿಮ್ಮಿಷ್ಟ. ಅಷ್ಟರಲ್ಲಿ ಗುಂಪು ಎರಡಾಗಿರುತ್ತದೆ.

ಕತ್ತಲಾಗುತ್ತ ಬಂದಿತ್ತು. ಮೇಷ್ಟ್ರು ಎದ್ದು, ಯಾರು ಗೆದ್ದರು ಎಂದು ಕೇಳಿದರು. ಇಬ್ಬರೂ ತಾವೇ ಎಂದರು.

ಹೊರಗೆ ನಿಂತು ಕೇಳಿಸಿಕೊಂಡವರಿಗೆ ಅನ್ನಿಸುವುದು ಇಷ್ಟು. ಊರುಗಳಿಗೆ, ಪಾತ್ರಗಳ ಸಾವಿಗೆ, ಖಳನಾಯಕನ ಮುಖಕ್ಕೆ ಬೀಗವಿರಲಿ; ಇಲ್ಲದಿದ್ದರೆ ಆ ಸಾವು ಸಾವಾಗುವುದಿಲ್ಲ. ಕತ್ತಿಗೆ, ಬಂದೂಕಿಗೆ ಬೇಡ. ಗೆಳೆಯರ ಜತೆ ಒಂದು ಸಂಜೆ ಕಳೆಯುವುದಕ್ಕಂತೂ ಬೇಡವೇ ಬೇಡ. ಹಳೆಯ ಹಾದಿಯನ್ನು ಏಳು ವರ್ಷಕ್ಕೊಮ್ಮೆ ಗುಡಿಸಿದರೆ ಸಾಲದು, ಹೊಸ ಎಕ್ಸ್‌ಪಾನ್ಶನ್ ಕಟ್ಟಿದಾಗಲೆಲ್ಲ ಗುಡಿಸಬೇಕು. ಹಿಂದಿನದು ಮುಗಿಸದೆ ಇದರೊಳಗೆ ಕಾಲಿಡಲಾಗದು ಎಂಬ ಸಾಲನ್ನು ಬೆಲೆಯ ಪಕ್ಕದಲ್ಲೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಈ ಆಟಕ್ಕೆ ಇಳಿಯುವ ಯೋಚನೆ ಇದ್ದವರಿಗೆ ಒಂದು ಮಾತು. ಹೊಸ ಎಕ್ಸ್‌ಪಾನ್ಶನ್‌ನ ಜಾಹೀರಾತು ನೋಡಿ ಕೂಡಲೇ ಕೊಳ್ಳಬೇಡಿ. ಉಚಿತ ಆವೃತ್ತಿಯಲ್ಲಿ ಇಶ್‌ಗಾರ್ಡ್ ದಾಟುವವರೆಗಾದರೂ ಆಡಿ ನೋಡಿ. ಅದರಲ್ಲಿ ನೀವಾಗಿ ತಂಡ ಕಟ್ಟಲು ಬರುವುದಿಲ್ಲ, ಗಿಲ್ಡ್ ಸೇರಲು ಬರುವುದಿಲ್ಲ, ಮಾರುಕಟ್ಟೆಯಲ್ಲಿ ಕೊಂಡು ಮಾರಲೂ ಬರುವುದಿಲ್ಲ; ಕಥೆಗೆ ಇವು ಯಾವುವೂ ಅಡ್ಡಿಯಲ್ಲ. ಪೂರ್ಣ ಆಟವನ್ನು ಒಮ್ಮೆ ಕೊಂಡ ಖಾತೆ ಮತ್ತೆ ಉಚಿತ ಆವೃತ್ತಿಗೆ ಮರಳುವುದಿಲ್ಲ.